ದಯವಿಟ್ಟು ಆ ವಿಡಿಯೊ ನೋಡಬೇಡಿ

ಕಾರು ಹುಚ್ಚಿನ ಹೀರೋಗಳು, ಕಂತು 4

ಕಾಲೇಜ್ ಡೇ ನಾಟಕದಲ್ಲಿ ನಾನು ರಾಜನ ವೇಷ ಹಾಕ್ಕೊಂಡು, ಮೂರನೇ ಸಾಲಿಗೇ ಮಾತು ಮರೆತು ಕಂಬದ ಥರ ನಿಂತಿದ್ದು ನಿಮ್ಮಲ್ಲಿ ಕೆಲವರಿಗೆ ಗೊತ್ತು. ಆ ರಾತ್ರಿ ಕ್ಲಾಸ್ ಗ್ರೂಪಲ್ಲಿ 'ಪ್ಲೀಸ್, ಆ ವಿಡಿಯೊ ಯಾರೂ ನೋಡಬೇಡಿ' ಅಂತ ಹಾಕಿದೆ. ಅಲ್ಲಿವರೆಗೂ ನೋಡದೇ ಇದ್ದವರೂ 'ಯಾವ ವಿಡಿಯೊ?' ಅಂತ ಹುಡುಕಿ ನೋಡಿದ್ರು.

ಇದೇ ಎಡವಟ್ಟನ್ನ ಹಾಲಿವುಡ್‌ನ ಪಾಲ್ ನ್ಯೂಮನ್ ನನಗಿಂತ ಎಷ್ಟೋ ಮೊದಲೇ ಮಾಡಿದ್ದ. (ಯಾರು ಅಂತೀರಾ? 'ಕಾರ್ಸ್' ಸಿನಿಮಾದ ಡಾಕ್ ಹಡ್ಸನ್ ಅಜ್ಜನ ದನಿ!) 1954ರಲ್ಲಿ ಅವನ ಮೊದಲ ಸಿನಿಮಾ 'ದಿ ಸಿಲ್ವರ್ ಚಾಲಿಸ್' ಬಂತು. ರೋಮನ್ ಕಾಲದ ಕಥೆ, ಮೊಣಕಾಲಿಗೂ ಬಾರದ ಅಂಗಿ, ಸಾಲದ್ದಕ್ಕೆ ಕಟ್ಟಿಗೆಯಂಥ ಡೈಲಾಗು. ಮುಂದೆ ಅದು ಟಿವಿಯಲ್ಲಿ ಬರುತ್ತೆ ಅಂತ ಗೊತ್ತಾದಾಗ, ಪೇಪರಿನಲ್ಲಿ ಸ್ವಂತ ದುಡ್ಡಲ್ಲಿ ಜಾಹೀರಾತು ಕೊಟ್ಟು ಜನರ ಕ್ಷಮೆ ಕೇಳಿದ. ಜನ ಬಿಡ್ತಾರಾ? ಕೂತು ನೋಡಿದ್ರು.

ನಗು ಇಲ್ಲಿಗೆ ಮುಗೀತು. ಅದೇ ಹೊತ್ತಿಗೆ ಎಲ್ಲರ ಕಣ್ಣು ಇದ್ದಿದ್ದು ಜೇಮ್ಸ್ ಡೀನ್ ಮೇಲೆ. 'ಈಸ್ಟ್ ಆಫ್ ಈಡನ್' ಚಿತ್ರಕ್ಕೆ ಇಬ್ಬರೂ ಒಟ್ಟಿಗೆ ಸ್ಕ್ರೀನ್ ಟೆಸ್ಟ್ ಕೊಟ್ಟಿದ್ರು, ಆಯ್ಕೆ ಆಗಿದ್ದು ಡೀನ್. ಅವನಿಗೂ ವೇಗದ ಹುಚ್ಚು. 1955ರ ಸೆಪ್ಟೆಂಬರ್ 30ರಂದು ತನ್ನ ಪೋರ್ಷೆ 550 ಸ್ಪೈಡರ್‌ನಲ್ಲಿ ರೇಸ್‌ಗೆ ಹೊರಟವನು ಕ್ಯಾಲಿಫೋರ್ನಿಯಾದ ಹೆದ್ದಾರಿಯಲ್ಲೇ ತೀರಿಕೊಂಡ. ಬರೀ 24 ವರ್ಷ. ಅವನು ಮಾಡಬೇಕಿದ್ದ ಬಾಕ್ಸರ್ ರಾಕಿ ಗ್ರಾಜಿಯಾನೋ ಪಾತ್ರ ನ್ಯೂಮನ್ ಪಾಲಿಗೆ ಬಂತು. 1956ರಲ್ಲಿ ಆ ಸಿನಿಮಾ ಬಂದ ಮೇಲೇ ಜನ ಇವನನ್ನ ನಟ ಅಂತ ಒಪ್ಪಿದ್ದು.

ಸತ್ತವನ ಜಾಗದಲ್ಲಿ ನಿಂತು ಚಪ್ಪಾಳೆ ತಗೊಳ್ಳೋದು ಹೇಗಿರುತ್ತೋ? ಇದನ್ನ ಬರೀವಾಗಲೂ ನನಗೆ ಒಂಥರಾ ಕಸಿವಿಸಿ.

ವಿಚಿತ್ರ ಅಂದ್ರೆ, ಮುಂದೆ ನ್ಯೂಮನ್‌ಗೂ ಅದೇ ಹುಚ್ಚು ಹಿಡೀತು. 1969ರ 'ವಿನ್ನಿಂಗ್' ಚಿತ್ರಕ್ಕೋಸ್ಕರ ರೇಸ್ ಕಾರ್ ಓಡಿಸೋದು ಕಲಿತ, ಕಲಿತವನು ಬಿಡಲೇ ಇಲ್ಲ. ನಿಜವಾದ ರೇಸ್‌ಗೆ ಇಳಿದಾಗ 47. ನಮ್ಮಪ್ಪನಿಗೆ ಈಗ ಅಷ್ಟೇ ವಯಸ್ಸು, ಸ್ಕೂಟರ್ ನಲವತ್ತು ದಾಟಿದ್ರೆ 'ಮೆಲ್ಲಗೆ' ಅಂತಾರೆ! 1979ರ ಲೆ ಮಾನ್ಸ್ 24 ಗಂಟೆ ರೇಸ್‌ನಲ್ಲಿ ನ್ಯೂಮನ್ ತಂಡದ ಪೋರ್ಷೆ 935ಕ್ಕೆ ಎರಡನೇ ಸ್ಥಾನ. ಆಗ ಅವನಿಗೆ 54. 1995ರ ಡೇಟೋನಾ 24 ಗಂಟೆ ರೇಸ್‌ನಲ್ಲಿ ತನ್ನ ಕ್ಲಾಸ್ ಗೆದ್ದ ತಂಡದಲ್ಲಿದ್ದಾಗ 70.

ಎರಡನೇ ಫೋಟೊ ನೋಡಿ: ಡ್ರಾಮಾ ಕ್ಲಬ್ ನೋಟಿಸು. ಸೋಮವಾರ ಮತ್ತೆ ಆಡಿಷನ್. ಕೊನೇ ಹೆಸರು ನಂದೇ, ಕೈ ನಡುಗಿ ಅಕ್ಷರ ಸೊಟ್ಟಗಾಗಿದೆ. ಹಳೇ ವಿಡಿಯೊ ಇನ್ನೂ ಗ್ರೂಪಲ್ಲೇ ಇದೆ, ಬೇಕಾದವರು ನೋಡ್ಕೊಳ್ಳಿ.