ತೆರೆಯ ಮೇಲಿನ ಶನಿಗ್ರಹ, ಅಂಗಳದ ರಾಗಿಕಾಳು

ಕಲಿಸುವವನಿಗೂ ಕಲಿಯುವವನಿಗೂ ನಡುವೆ ಏನಾದರೊಂದು ಸಾಧನ ಎಂದಿನಿಂದಲೂ ಇದ್ದೇ ಇದೆ. ನಮ್ಮ ಹಿರಿಯರು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿದರು. ಅನಂತರ ಸ್ಲೇಟು-ಬಳಪ ಬಂದವು, ಕರಿಹಲಗೆ ಬಂದಿತು, ಗೋಡೆಗೆ ತೂಗುಹಾಕುವ ಭೂಪಟ ಬಂದಿತು. ಇಂದು ಗಣಕಯಂತ್ರ, ಪ್ರೊಜೆಕ್ಟರ್, ಸ್ಮಾರ್ಟ್ ಬೋರ್ಡ್‌ಗಳು ತರಗತಿಯನ್ನು ಪ್ರವೇಶಿಸಿವೆ. ಮಗುವನ್ನು ಶಾಲೆಗೆ ಸೇರಿಸಲು ಹೊರಟ ತಂದೆತಾಯಿಗಳು ಮೊದಲಿಗೇ ಕೇಳುವ ಪ್ರಶ್ನೆಗಳಲ್ಲಿ ‘ನಿಮ್ಮಲ್ಲಿ ಸ್ಮಾರ್ಟ್ ಕ್ಲಾಸ್ ಇದೆಯೇ?’ ಎಂಬುದೂ ಒಂದು. ಇದೆ ಎಂದರೆ ಸಮಾಧಾನ, ಇಲ್ಲವೆಂದರೆ ಅನುಮಾನ. ‘ಅದನ್ನು ಇಟ್ಟುಕೊಂಡು ನೀವು ಹೇಗೆ ಪಾಠ ಮಾಡುತ್ತೀರಿ?’ ಎಂದು ಕೇಳುವವರು ಮಾತ್ರ ವಿರಳ. ಈ ಎರಡನೆಯ ಪ್ರಶ್ನೆಯನ್ನು ಕುರಿತು, ನನ್ನ ಅನುಭವದ ಮಿತಿಯಲ್ಲಿ, ನಾಲ್ಕು ಮಾತುಗಳನ್ನು ಓದುಗ ಬಂಧುಗಳ ಮುಂದಿಡಬೇಕೆಂಬುದು ಈ ಲೇಖನದ ಉದ್ದೇಶ.

ನಾನು ವಿಜ್ಞಾನದ ಶಿಕ್ಷಕ. ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆ ಹೋಬಳಿಯ ಮಕ್ಕಳಿಗೆ ಪಾಠ ಹೇಳುತ್ತ ಬಂದವನು. ಇಲ್ಲಿಯ ಮಕ್ಕಳಲ್ಲಿ ಹೆಚ್ಚಿನವರು ರೈತಾಪಿ ಮನೆಗಳವರು. ರಾಗಿಯ ತೆನೆ, ಕರೆಯುವ ಹಸು, ಕೆರೆಯ ಏರಿ ಇವೆಲ್ಲ ಅವರಿಗೆ ಪುಸ್ತಕ ತೆರೆಯುವ ಮೊದಲೇ ಪರಿಚಿತ. ಮಧುರೆ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಚಿಕ್ಕಮಧುರೆಯ ಶನಿಮಹಾತ್ಮ ದೇವಸ್ಥಾನ. ಶನಿವಾರಗಳಂದು, ಅದರಲ್ಲಿಯೂ ಶ್ರಾವಣ ಮಾಸದಲ್ಲಿ, ಬೆಂಗಳೂರಿನಿಂದಲೂ ಜನ ಹರಿದುಬರುತ್ತಾರೆ. ಹೀಗಾಗಿ ಸೂರ್ಯಮಂಡಲದ ಪಾಠಕ್ಕೆ ಬಂದಾಗ, ಬೇರೆ ಊರಿನ ಮಕ್ಕಳಿಗೆ ಕೇವಲ ಆರನೆಯ ಗ್ರಹವಾಗಿರುವ ಶನಿ, ನಮ್ಮ ಮಕ್ಕಳಿಗೆ ಚಿಕ್ಕಂದಿನಿಂದ ಕೇಳಿದ ಹೆಸರಾಗಿರುತ್ತದೆ. ದೃಶ್ಯ-ಶ್ರವ್ಯ ಸಾಧನಗಳ ಬಲ ಎಷ್ಟು, ಮಿತಿ ಎಷ್ಟು ಎಂಬುದನ್ನು ನನಗೆ ತಿಳಿಸಿಕೊಟ್ಟದ್ದು ಈ ಒಂದು ಪಾಠವೇ ಎಂದರೆ ತಪ್ಪಾಗಲಾರದು.

ಮೊದಲು ಬಲದ ಮಾತು. ಶನಿಗ್ರಹವನ್ನು ಬರಿಗಣ್ಣಿನಿಂದ ನೋಡಬಹುದು. ಆದರೆ ಅದು ಮಿನುಗದ ಒಂದು ಚುಕ್ಕಿಯಾಗಿ ಕಾಣುತ್ತದೆಯೇ ಹೊರತು ಬಳೆಗಳು ಕಾಣುವುದಿಲ್ಲ. ಕರಿಹಲಗೆಯ ಮೇಲೆ ಒಂದು ಗುಂಡು ಬರೆದು ಸುತ್ತ ಗೆರೆ ಎಳೆದರೆ ಮಗುವಿಗೆ ಅದು ಟೋಪಿಯಂತೆಯೂ ತೋರಬಹುದು, ತಟ್ಟೆಯಂತೆಯೂ ತೋರಬಹುದು. 1997ರಲ್ಲಿ ಹೊರಟು 2004ರಲ್ಲಿ ಶನಿಯ ಕಕ್ಷೆಯನ್ನು ಸೇರಿದ ಕ್ಯಾಸಿನಿ ನೌಕೆಯು 2017ರ ಸೆಪ್ಟೆಂಬರ್‌ನಲ್ಲಿ ಆ ಗ್ರಹದ ವಾತಾವರಣದಲ್ಲಿ ಉರಿದುಹೋಗುವವರೆಗೆ ಕಳುಹಿಸಿದ ಚಿತ್ರಗಳಿವೆಯಲ್ಲ, ಅವುಗಳಲ್ಲಿ ಒಂದನ್ನು ಕತ್ತಲಾದ ಕೋಣೆಯಲ್ಲಿ ಗೋಡೆ ತುಂಬ ತೋರಿಸಿದಾಗ ಇಡೀ ತರಗತಿ ಉಸಿರು ಬಿಗಿಹಿಡಿದು ನೋಡುತ್ತದೆ. ಆಗ ಶಿಕ್ಷಕನು ಬಾಯಿ ತೆರೆಯಬೇಕಾಗಿಯೇ ಇಲ್ಲ. ಮಗುವಿನ ಕಣ್ಣಿಗೆ ಬೇರೆ ಯಾವ ದಾರಿಯಿಂದಲೂ ಎಟುಕದ್ದನ್ನು ಎಟುಕಿಸಿಕೊಡುವುದು ಈ ಯಂತ್ರದ ನಿಜವಾದ ಉಪಕಾರ. ಜೀವಕೋಶದ ಒಳಗು, ಹೃದಯದ ಕವಾಟ, ಜ್ವಾಲಾಮುಖಿಯ ಬಾಯಿ ಇವೆಲ್ಲ ಇದೇ ಸಾಲಿಗೆ ಸೇರತಕ್ಕವು.

ಇನ್ನು ಮಿತಿ. ಚಿತ್ರದ ಬಳಿಕ ಗ್ರಹಗಳು ಸೂರ್ಯನನ್ನು ಸುತ್ತುವ ಚಲನಚಿತ್ರವನ್ನು ತೋರಿಸುವುದು ವಾಡಿಕೆ. ಅದರಲ್ಲಿ ಶನಿಯು ಅರ್ಧ ನಿಮಿಷದಲ್ಲಿ ಒಂದು ಸುತ್ತು ಮುಗಿಸುತ್ತದೆ. ಎಲ್ಲ ಗ್ರಹಗಳೂ ಒಂದೇ ತೆರೆಯ ಮೇಲೆ, ಅಕ್ಕಪಕ್ಕದ ಮನೆಗಳಂತೆ, ಒತ್ತಾಗಿ ಕುಳಿತಿರುತ್ತವೆ. ನೋಡಲು ಅಂದವೇ. ಆದರೆ ಕಾಲ ಮತ್ತು ದೂರ, ಈ ಎರಡು ವಿಷಯಗಳಲ್ಲಿ ಆ ಚಿತ್ರವು ಮಗುವಿಗೆ ಸುಳ್ಳನ್ನೇ ಹೇಳುತ್ತಿದೆ. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ನಮ್ಮ ಗಾದೆಯು ಇಂದಿನ ತರಗತಿಗೆ ಎಷ್ಟು ಒಪ್ಪುತ್ತದೆ ನೋಡಿ! ಆದುದರಿಂದ ಆ ಹಂತದಲ್ಲಿ ನಾನು ಯಂತ್ರವನ್ನು ಆರಿಸಿ ಕಿಟಕಿಗಳನ್ನು ತೆರೆಸುತ್ತೇನೆ.

ಮೊದಲು ಕಾಲದ ಲೆಕ್ಕ. ಶನಿಗೆ ‘ಶನೈಶ್ಚರ’ ಎಂಬ ಹೆಸರೂ ಉಂಟು. ಮೆಲ್ಲಮೆಲ್ಲನೆ ನಡೆಯುವವನು ಎಂದು ಅರ್ಥ. ಸೂರ್ಯನನ್ನು ಒಮ್ಮೆ ಸುತ್ತಲು ಅದಕ್ಕೆ ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ ಬೇಕು. ಹನ್ನೆರಡು ರಾಶಿಗಳಿಗೆ ಹಂಚಿದರೆ ರಾಶಿಗೆ ಎರಡೂವರೆ ವರ್ಷದ ಹತ್ತಿರ ಬರುತ್ತದೆ. ಮೂರು ರಾಶಿಗೆ ಏಳೂವರೆ. ಮನೆಯಲ್ಲಿ ಅಜ್ಜಿಯ ಬಾಯಲ್ಲಿ ಕೇಳಿದ ‘ಏಳೂವರೆ ವರ್ಷದ ಶನಿ’ ಎಂಬ ಮಾತಿನ ಹಿಂದೆ ಇಂಥದೊಂದು ಗಣಿತವಿದೆಯೆಂದು ತಿಳಿದಾಗ ಮಕ್ಕಳ ಮುಖದಲ್ಲಿ ಮೂಡುವ ಬೆರಗನ್ನು ಯಾವ ಚಲನಚಿತ್ರವೂ ಮೂಡಿಸಲಾರದು. ದೂರದರ್ಶಕವಿಲ್ಲದ ಕಾಲದಲ್ಲಿ, ತಲೆಮಾರುಗಳ ಕಾಲ ಆಕಾಶವನ್ನು ನೋಡಿ ನೋಡಿ, ಪಂಚಾಂಗದವರು ಈ ನಡಿಗೆಯನ್ನು ಅಳೆದಿದ್ದರು. ಫಲವನ್ನು ನಂಬುವುದು ಬಿಡುವುದು ಅವರವರ ಮನೆಯ ವಿಚಾರ. ಲೆಕ್ಕವನ್ನು ಬಿಡಿಸುವುದು ಶಾಲೆಯ ವಿಚಾರ. ‘ಇಂದು ನಿನಗೆ ಹದಿಮೂರು ವರ್ಷ. ಶನಿ ಈಗಿರುವ ಜಾಗಕ್ಕೆ ಮರಳಿ ಬರುವಾಗ ನಿನಗೆಷ್ಟು?’ ಎಂದು ಕೇಳಿದರೆ ಬೆರಳು ಮಡಿಸಿ ‘ನಲವತ್ತೆರಡು ದಾಟಿರುತ್ತೆ ಸಾರ್’ ಎನ್ನುತ್ತಾರೆ. ಆ ಉತ್ತರ ಬರಲು ಪ್ರೊಜೆಕ್ಟರಿನ ಅಗತ್ಯವಿರಲಿಲ್ಲ.

ಅನಂತರ ದೂರದ ಲೆಕ್ಕ. ಇದಕ್ಕೆ ಬೇಕಾದುದು ಆಟದ ಅಂಗಳ, ಒಂದು ಗೋಲಿ, ಒಂದು ಹಿಡಿ ರಾಗಿ. ಸೂರ್ಯನನ್ನು ಗೋಲಿಯೆಂದು ಇಟ್ಟುಕೊಂಡರೆ ಭೂಮಿಯು ಅದರಿಂದ 2 ಮೀಟರ್ ದೂರದಲ್ಲಿರುವ ಒಂದು ಧೂಳಿನ ಕಣ. ಶನಿಯು 19 ಮೀಟರ್ ದೂರದಲ್ಲಿರುವ ಒಂದು ರಾಗಿಕಾಳು. ಕೊನೆಯ ಗ್ರಹವಾದ ನೆಪ್ಚೂನ್ 60 ಮೀಟರ್ ಆಚೆ. ಮಕ್ಕಳೇ ಹೆಜ್ಜೆ ಹಾಕಿ ಅಳೆದು, ಒಬ್ಬೊಬ್ಬರು ಒಂದೊಂದು ಗ್ರಹವಾಗಿ ನಿಲ್ಲುತ್ತಾರೆ. ಒಮ್ಮೆ ರಾಗಿಕಾಳನ್ನು ಅಂಗೈಯಲ್ಲಿಟ್ಟುಕೊಂಡು ನಿಂತಿದ್ದ ಹುಡುಗಿಯೊಬ್ಬಳು ಅಲ್ಲಿಂದಲೇ ಕೂಗಿದಳು: ‘ಸಾರ್, ಒಳಗೆ ಗೋಡೆ ಮೇಲೆ ಎಲ್ಲಾ ಹತ್ತಿರ ಹತ್ತಿರ ಇದ್ದವಲ್ಲ, ಇಲ್ಲಿಂದ ನೋಡಿದ್ರೆ ಸೂರ್ಯನೇ ಸರಿಯಾಗಿ ಕಾಣಿಸ್ತಿಲ್ಲ. ಹಾಗಾದ್ರೆ ಅಲ್ಲಿ ತುಂಬಾ ಚಳಿ ಇರುತ್ತೇನೋ?’ ಎಂದು. ತರಗತಿಯಲ್ಲಿ ಆಕೆ ಅದುವರೆಗೆ ಪ್ರಶ್ನೆ ಕೇಳಿದವಳಲ್ಲ. ಮಂಜುಗಡ್ಡೆಯ ತುಣುಕುಗಳಿಂದಾದ ಶನಿಯ ಬಳೆಗಳ ಬಗೆಗಿನ ಮುಂದಿನ ಪಾಠ ಆ ಪ್ರಶ್ನೆಯಿಂದಲೇ ಪ್ರಾರಂಭವಾಯಿತು. ಇದೇ ಅಳತೆಯಲ್ಲಿ ಸೂರ್ಯನನ್ನು ಬಿಟ್ಟರೆ ನಮಗೆ ಅತ್ಯಂತ ಹತ್ತಿರದ ನಕ್ಷತ್ರ ಎಲ್ಲಿರಬೇಕೆಂದು ಲೆಕ್ಕ ಹಾಕಿದರೆ, ಸುಮಾರು 535 ಕಿಲೋಮೀಟರ್ ಬರುತ್ತದೆ. ನಮ್ಮ ಮಧುರೆಯಿಂದ ನೇರ ಗೆರೆ ಎಳೆದರೆ ಬಸವಕಲ್ಯಾಣವನ್ನೂ ದಾಟಿ ಆಚೆ! ಕರ್ನಾಟಕದ ನಕ್ಷೆಯನ್ನು ಮತ್ತೆ ತೆರೆಯ ಮೇಲೆ ಮೂಡಿಸಲು ಇದು ತಕ್ಕ ಸಮಯ.

ನೋಡಿದ ಮಾತ್ರಕ್ಕೆ ತಿಳಿದಂತಾಗುವುದಿಲ್ಲ ಎಂಬುದಕ್ಕೆ ಶನಿಯ ಚರಿತ್ರೆಯೇ ಸಾಕ್ಷಿ. 1610ರಲ್ಲಿ ಗೆಲಿಲಿಯೊ ದೂರದರ್ಶಕದಿಂದ ಶನಿಯನ್ನು ನೋಡಿದರೂ, ಬಳೆಗಳನ್ನು ಗ್ರಹದ ಎರಡು ಪಕ್ಕದ ಜೊತೆಗಾರರೆಂದು ಭಾವಿಸಿದನು. 1612ರಲ್ಲಿ ಬಳೆಗಳು ಭೂಮಿಯ ಕಡೆಗೆ ಅಂಚು ತಿರುಗಿಸಿ ಕಣ್ಮರೆಯಾದಾಗ ಅವನಿಗೆ ದಿಗ್ಭ್ರಮೆಯಾಯಿತು. ಅದು ಗ್ರಹಕ್ಕೆ ತಗುಲದ ತೆಳುವಾದ ಬಳೆಯೆಂದು ಹೈಗೆನ್ಸ್ ಗ್ರಂಥರೂಪದಲ್ಲಿ ವಿವರಿಸಿದ್ದು 1659ರಲ್ಲಿ. 2025ರ ಮಾರ್ಚ್‌ನಲ್ಲಿಯೂ ಬಳೆಗಳು ಹಾಗೆಯೇ ಅಂಚು ತಿರುಗಿಸಿದ್ದವು. ಮಹಾಮೇಧಾವಿಯ ಕಣ್ಣಿಗೆ ಬಿದ್ದ ಚಿತ್ರವು ಅರ್ಥವಾಗಲು ಅರ್ಧ ಶತಮಾನ ಬೇಕಾಗಿರುವಾಗ, ನಲವತ್ತು ನಿಮಿಷದಲ್ಲಿ ನಲವತ್ತು ಚಿತ್ರಗಳನ್ನು ಓಡಿಸಿ ‘ಪಾಠ ಮುಗಿಯಿತು’ ಎನ್ನುವುದು ಎಷ್ಟು ಸರಿ?

ಈ ವಿಷಯದಲ್ಲಿ ವಿದ್ವಾಂಸರ ಸಂಶೋಧನೆಯೂ ನಡೆದಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಅವರು ಅನೇಕ ಪ್ರಯೋಗಗಳನ್ನು ಆಧರಿಸಿ 2001ರಲ್ಲಿ ‘ಮಲ್ಟಿಮೀಡಿಯಾ ಲರ್ನಿಂಗ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಬರಿಯ ಮಾತಿಗಿಂತ ಮಾತು ಮತ್ತು ಚಿತ್ರ ಸೇರಿದಾಗ ಕಲಿಕೆ ಹೆಚ್ಚುತ್ತದೆ. ಆದರೆ ಪಾಠಕ್ಕೆ ಸಂಬಂಧಪಡದ ಅಲಂಕಾರ, ಸಂಗೀತ, ಹಾರಾಡುವ ಅಕ್ಷರಗಳು ಸೇರಿದರೆ ಕಲಿಕೆ ಕುಗ್ಗುತ್ತದೆ. ಚಿತ್ರವನ್ನು ತೋರಿಸುತ್ತ ಬಾಯಿಮಾತಿನಲ್ಲಿ ವಿವರಿಸುವುದು, ಅದೇ ಮಾತನ್ನು ತೆರೆಯ ಮೇಲೂ ಬರೆದು ಓದುವುದಕ್ಕಿಂತ ಮೇಲು. ಇವು ಅವರು ಕಂಡುಕೊಂಡ ಮುಖ್ಯ ಸಂಗತಿಗಳು. ಮನುಷ್ಯನ ಮನಸ್ಸು ಒಂದು ಹೊತ್ತಿಗೆ ಹಿಡಿದಿಟ್ಟುಕೊಳ್ಳುವುದು ಸ್ವಲ್ಪವೇ ಎಂಬುದು ಇದಕ್ಕೆಲ್ಲ ಕಾರಣ. ಪವರ್‌ಪಾಯಿಂಟ್ ಎಂಬ ತಂತ್ರಾಂಶವು 1987ರಲ್ಲಿ ಹೊರಬಂದದ್ದು ಕಚೇರಿಯ ಸಭೆಗಳಿಗಾಗಿ. ಸಭೆಯಲ್ಲಿ ಕುಳಿತವರು ವಿಷಯ ಬಲ್ಲವರು. ತರಗತಿಯಲ್ಲಿ ಕುಳಿತವರು ಇನ್ನು ತಿಳಿಯಬೇಕಾದವರು. ಈ ಭೇದವನ್ನು ಮರೆಯಬಾರದು.

ಸಾಧನಗಳು ನಮ್ಮ ನಾಡಿಗೆ ಹೊಸವೂ ಅಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ಆರು ರಾಜ್ಯಗಳ 2400 ಹಳ್ಳಿಗಳಿಗೆ ದೂರದರ್ಶನದ ಪಾಠಗಳು ಹರಿದುಬಂದವು. ಕರ್ನಾಟಕದಲ್ಲಿ ಅಂದಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರ ಪಾಲುದಾರರಾಗಿದ್ದವು. ಬೆಳಿಗ್ಗೆ ಮಕ್ಕಳಿಗೆ, ಸಂಜೆ ಹಿರಿಯರಿಗೆ ಕಾರ್ಯಕ್ರಮ. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಶಿಕ್ಷಣಕ್ಕಾಗಿಯೇ ‘ಎಜುಸ್ಯಾಟ್’ ಉಪಗ್ರಹ ಹಾರಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳು ಅದರ ಪಾಠಗಳನ್ನು ಪಡೆದವು. 2010ರಲ್ಲಿ ಅದರ ಸೇವೆ ಮುಗಿಯಿತು. 2020ರಲ್ಲಿ ಕೊರೊನಾ ರೋಗ ಶಾಲೆಗಳನ್ನು ಮುಚ್ಚಿಸಿದಾಗ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು. ಅದೇ ವೇಳೆ ‘ವಿದ್ಯಾಗಮ’ದ ಹೆಸರಿನಲ್ಲಿ ಶಿಕ್ಷಕರು ಊರೂರಿಗೆ ನಡೆದು ಗುಡಿಯ ಜಗುಲಿಯಲ್ಲಿ, ಮರದ ನೆರಳಿನಲ್ಲಿ ಮಕ್ಕಳನ್ನು ಕೂಡಿಸಿ ಪಾಠ ಹೇಳಿದರು. ಆಕಾಶದಿಂದ ಪಾಠ ಇಳಿದು ಬಂದಾಗಲೂ ‘ನಿನಗೆಲ್ಲಿ ತಿಳಿಯಲಿಲ್ಲ, ಮಗು?’ ಎಂದು ಪಕ್ಕದಲ್ಲಿ ಕುಳಿತು ಕೇಳುವ ಜೀವವೊಂದು ಬೇಕೇ ಬೇಕಾಯಿತು.

ಇನ್ನು ಕೆಲವು ಸಣ್ಣ, ಆದರೆ ಅಲಕ್ಷಿಸಲಾಗದ ಸಂಗತಿಗಳು. ಕನ್ನಡದಲ್ಲಿ ಪಾಠ ಸಿದ್ಧಪಡಿಸುವವರು ಯೂನಿಕೋಡ್ ಅಕ್ಷರಗಳನ್ನೇ ಬಳಸಬೇಕು. ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪು ಮಾಡಿದ್ದು ಮನೆಯ ಗಣಕದಲ್ಲಿ ಚೆನ್ನಾಗಿದ್ದು, ಆ ಅಕ್ಷರವಿನ್ಯಾಸವಿಲ್ಲದ ಶಾಲೆಯ ಗಣಕದಲ್ಲಿ ಅರ್ಥವಿಲ್ಲದ ಗುರುತುಗಳ ಸಾಲಾಗಿಬಿಡುತ್ತದೆ. ಒತ್ತಕ್ಷರಗಳು ಕೊನೆಯ ಬೆಂಚಿಗೂ ಕಾಣುವಷ್ಟು ದೊಡ್ಡದಾಗಿರಬೇಕು. ಒಂದು ತೆರೆಗೆ ಐದಾರು ಸಾಲು ಮೀರಬಾರದು. ವಿದ್ಯುತ್ತು ಹೋದರೂ ಪಾಠ ನಿಲ್ಲದಂತೆ ಬಳಪ ಕೈಯಲ್ಲಿರಲೇಬೇಕು. ಚಿತ್ರ ಬದಲಾಯಿಸುವ ಮೊದಲು ‘ಮುಂದೆ ಏನಾಗಬಹುದು?’ ಎಂದು ಕೇಳಿ ನಿಲ್ಲಬೇಕು. ಆ ಮೌನದಲ್ಲಿಯೇ ಮಗು ಯೋಚಿಸುವುದು.

ಮನೆಯವರ ಪಾತ್ರವೂ ಇಲ್ಲಿ ದೊಡ್ಡದು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ದೊಡ್ಡಬಳ್ಳಾಪುರವನ್ನು ಹಾಯ್ದು, 1890ರ ದಶಕದಲ್ಲಿಯೇ ಬೆಂಗಳೂರಿಗೆ ಕೊಳವೆ ನೀರು ಕೊಟ್ಟ ಹೆಸರಘಟ್ಟದ ಜಲಾಶಯಕ್ಕೆ ಇಳಿಯುವ ಅರ್ಕಾವತಿಯ ಇಡೀ ಜಾಡನ್ನು ಉಪಗ್ರಹದ ಚಿತ್ರದಲ್ಲಿ ಒಂದೇ ನೋಟಕ್ಕೆ ತೋರಿಸಬಹುದು. ಆದರೆ ಆ ಹೊಳೆಯಲ್ಲಿ ನೀರು ಹರಿಯುತ್ತಿದ್ದಾಗ ಹೇಗಿತ್ತು, ಕೆರೆ ಕೋಡಿ ಬಿದ್ದ ವರ್ಷ ಊರಿನಲ್ಲಿ ಏನಾಯಿತು ಎಂಬುದು ಉಪಗ್ರಹಕ್ಕೆ ಗೊತ್ತಿಲ್ಲ, ಅಜ್ಜನಿಗೆ ಗೊತ್ತು. ‘ಮನೆಯಲ್ಲಿ ಕೇಳಿಕೊಂಡು ಬನ್ನಿ’ ಎಂದು ಕಳುಹಿಸಿದಾಗ, ಯಾವ ಮನೆಯಲ್ಲಿ ಹಿರಿಯರು ಬಿಡುವು ಮಾಡಿಕೊಂಡು ಹೇಳಿದರೋ ಆ ಮನೆಯ ಮಗು ಮರುದಿನ ತರಗತಿಗೆ ತಾನೇ ಪಾಠ ಹೇಳುತ್ತದೆ.

ಸಮಾಜದ ದಾನಿಗಳಲ್ಲಿ ನನ್ನದೊಂದು ವಿನಂತಿ. ತಂದೆತಾಯಿಗಳ ಸ್ಮರಣಾರ್ಥ ಶಾಲೆಗೆ ಪ್ರೊಜೆಕ್ಟರ್ ಕೊಡಿಸುವ ಸಜ್ಜನರು ನಮ್ಮಲ್ಲಿ ಉಂಟು. ಅದು ಸ್ತುತ್ಯ ಕಾರ್ಯ. ಆದರೆ ದೀಪ ಸುಟ್ಟುಹೋದ ಬಳಿಕ ಹೊಸದನ್ನು ಹಾಕಿಸಲು ಹಣವಿಲ್ಲದೆಯೋ, ಕೆಟ್ಟೀತೆಂಬ ಭಯದಿಂದಲೋ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕುಳಿತ ಯಂತ್ರಗಳೂ ಕಡಿಮೆಯಿಲ್ಲ. ಯಂತ್ರದ ಜೊತೆಗೆ ಅದರ ದುರಸ್ತಿಗೆ ಒಂದಿಷ್ಟು, ಶಿಕ್ಷಕರು ಪಾಠಗಳನ್ನು ಒಟ್ಟಿಗೆ ಕುಳಿತು ಸಿದ್ಧಪಡಿಸುವ ಶಿಬಿರಕ್ಕೆ ಒಂದಿಷ್ಟು ತೆಗೆದಿಟ್ಟರೆ ಆ ದಾನ ಸಾರ್ಥಕವಾಗುತ್ತದೆ.

ತಂದೆತಾಯಿಗಳಲ್ಲಿ ಮತ್ತೊಂದು ಮಾತು. ಮಗು ಶಾಲೆಯಿಂದ ಬಂದಾಗ ‘ಇಂದು ಏನು ತೋರಿಸಿದರು?’ ಎಂದು ಕೇಳಿ; ಅಷ್ಟಕ್ಕೇ ಬಿಡದೆ ‘ನೀನು ಏನು ಕೇಳಿದೆ?’ ಎಂದೂ ಕೇಳಿ. ಎರಡನೆಯದಕ್ಕೆ ಉತ್ತರ ಬರುವ ಮನೆಯ ಮಗುವಿನ ಶಾಲೆಯಲ್ಲಿ, ಯಂತ್ರವಿರಲಿ ಇಲ್ಲದಿರಲಿ, ವಿದ್ಯೆ ನಡೆಯುತ್ತಿದೆ ಎಂದು ತಿಳಿಯಬಹುದು. ಶನಿಯು ರಾತ್ರಿಯ ಆಕಾಶದಲ್ಲಿ ಕಾಣುವ ತಿಂಗಳುಗಳಲ್ಲಿ ಒಂದು ದಿನ ಊಟದ ಬಳಿಕ ದೂರದರ್ಶನವನ್ನು ಆರಿಸಿ, ಮಕ್ಕಳೊಡನೆ ಅಂಗಳಕ್ಕೆ ಬಂದು, ಆ ಮಿನುಗದ ಚುಕ್ಕಿಯನ್ನು ಹುಡುಕಿ. ಅದು ಯಾವುದೆಂದು ನಿಮಗೆ ತೋರಿಸಿಕೊಡುವ ಸಂತೋಷ ನಿಮ್ಮ ಮಗುವಿನದಾಗಲಿ.