ಗಾಲಿಯ ಮೇಲಿನ ಮಂಚ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದ ಹಿರಿಯರು ಗಾಲಿಗಳ ಮೇಲೆ ಮನೆ ಕಟ್ಟಿದವರಲ್ಲವೆಂದು ತೋರುತ್ತದೆ. ನೆಲದ ಮೇಲಿನ ಮನೆ ಒಮ್ಮೆ ನಿಂತರೆ ನಿಂತಿತು. ಗಾಲಿಯ ಮೇಲಿನ ಮನೆಯಾದರೋ ಹೊರಟಾಗಲೆಲ್ಲ ಒಂದು ಸಣ್ಣ ಭೂಕಂಪವನ್ನು ತಡೆದುಕೊಳ್ಳಬೇಕು. ತಿರುಪುಗಳು ಸಡಿಲವಾಗುತ್ತವೆ, ಕಪಾಟಿನ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ, ನಿನ್ನೆ ಸರಿಪಡಿಸಿದ ನಲ್ಲಿ ಇಂದು ಮತ್ತೆ ಸೋರುತ್ತದೆ. ನಿವೃತ್ತನಾದ ಭೌತಶಾಸ್ತ್ರದ ಉಪನ್ಯಾಸಕನಾದ ನನಗೆ ಇಂಥದೊಂದು ಮನೆಯ ಉಸಾಬರಿ ಏಕೆ ಬೇಕಾಯಿತೆಂದು ಜಹೀರಾಬಾದಿನ ಗೆಳೆಯರು ಈಗಲೂ ಕೇಳುತ್ತಾರೆ. ಉತ್ತರವನ್ನು ನಮ್ಮ ತಂದೆಯವರಿಂದಲೇ ಆರಂಭಿಸಬೇಕು.

ತಂದೆಯವರು ಹುಟ್ಟಿದ್ದು 1941ರಲ್ಲಿ, ನಾರಾಯಣಖೇಡದ ಬಳಿಯ ಹಳ್ಳಿಯಲ್ಲಿ. ಆಗ ನಾರಾಯಣಖೇಡ, ಜಹೀರಾಬಾದುಗಳೆರಡೂ ಬೀದರ ಜಿಲ್ಲೆಯ ತಾಲೂಕುಗಳು. ತಾಂಡೂರು ಗುಲಬರ್ಗಾ ಜಿಲ್ಲೆಯದು. 1956ರ ನವೆಂಬರ್ 1ರಂದು ಈ ಮೂರೂ ಆಂಧ್ರಪ್ರದೇಶಕ್ಕೆ ಸೇರಿದವು. ಜಹೀರಾಬಾದ್ ತಾಲೂಕಿನ ನಿರ್ಣಾ ಸರ್ಕಲ್ ಮಾತ್ರ ಮೈಸೂರು ರಾಜ್ಯದಲ್ಲಿ ಉಳಿಯಿತು. ತಂದೆಯವರ ಅಕ್ಕನನ್ನು ಕೊಟ್ಟದ್ದು ಆ ನಿರ್ಣಾಕ್ಕೆ. ತಂಗಿಯರಿಬ್ಬರು ಸೇಡಂ ಮತ್ತು ಚಿಂಚೋಳಿಯ ಕಡೆ ಸೊಸೆಯರಾದರು. ಹೀಗೆ ಅಣ್ಣತಮ್ಮಂದಿರೆಲ್ಲ ಒಂದು ರಾಜ್ಯದವರು, ಅಕ್ಕತಂಗಿಯರೆಲ್ಲ ಇನ್ನೊಂದು ರಾಜ್ಯದವರು ಆದರು. ಪಂಚಮಿಯ ಮುಂದೆ ಕಮಾನಿನ ಸವಾರಿ ಬಂಡಿ ಹೂಡಿಕೊಂಡು ಅಕ್ಕನನ್ನು ತವರಿಗೆ ಕರೆತರುವ ಕೆಲಸ ತಂದೆಯವರದು. ಹೊರಡುವ ವಾರದ ಮೊದಲೇ ಮನೆಯಲ್ಲಿ ಬಂಡಿಯ ದುರಸ್ತಿ ಆರಂಭವಾಗುತ್ತಿತ್ತಂತೆ. ಕಬ್ಬಿಣದ ಹಳಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಗಾಲಿಗೆ ತೊಡಿಸಿ ನೀರು ಸುರಿಯುವುದು, ಅಚ್ಚಿಗೆ ಕೀಲೆಣ್ಣೆ ಹಾಕುವುದು, ಕಮಾನಿಗೆ ಹೊಸ ಚಾಪೆ ಹೊಲಿಯುವುದು, ಒಳಗೆ ಹುಲ್ಲು ಹಾಸಿ ಅದರ ಮೇಲೆ ಕೌದಿ ಹಾಸುವುದು. ನಮ್ಮ ವಂಶದ ಮೊದಲ ಮೋಟಾರುಮನೆ ಅದೇ. ಮೋಟಾರೊಂದು ಇರಲಿಲ್ಲ, ಅಷ್ಟೆ.

2021ರಲ್ಲಿ ತಂದೆಯವರು ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆಯ ನಂತರ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಕೂಡಲಾರದವರಾದರು; ಗಂಟೆಗೊಮ್ಮೆ ಮೂತ್ರಕ್ಕೆ ಏಳಲೇಬೇಕು. ಬಸ್ಸು, ಕಾರುಗಳ ಮಾತು ಅಲ್ಲಿಗೆ ಮುಗಿಯಿತು. ಆಂಬುಲೆನ್ಸ್ ಮಾಡೋಣವೆಂದರೆ, "ಅದರಾಗ ಮಲಗಿ ಹೋದ್ರ ನನ್ನಕ್ಕ ಬಾಗಿಲಾಗೇ ಎದಿ ಒಡಕೊಂತಾಳ, ಬ್ಯಾಡ ತಮ್ಮಾ" ಎಂದುಬಿಟ್ಟರು. ನಿರ್ಣಾದ ಅತ್ತೆಗೆ ಆಗಲೇ ಎಂಬತ್ತಾರು, ಹಾಸಿಗೆ ಹಿಡಿದಿದ್ದರು. ಫೋನಿನಲ್ಲಿ ಇಬ್ಬರಿಗೂ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುತ್ತಿರಲಿಲ್ಲ. ದಿನ ಕಳೆದಂತೆ ಗಡುವು ಹತ್ತಿರವಾಗುತ್ತಿದೆಯೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

2022ರ ಡಿಸೆಂಬರಿನಲ್ಲಿ ತಾಂಡೂರಿನಲ್ಲಿ ಶಾಲೆಯೊಂದು ಮಾರಾಟಕ್ಕಿಟ್ಟ ಹಳೆಯ ಮಿನಿಬಸ್ಸನ್ನು ಕೊಂಡೆ. ಅದರ ಚಾಸಿ ನಮ್ಮೂರಿನಲ್ಲೇ ಹುಟ್ಟಿದ್ದು. 1980ರ ದಶಕದಲ್ಲಿ ಜಪಾನಿನ ನಿಸ್ಸಾನ್ ಸಹಯೋಗದಿಂದ ಆಲ್ವಿನ್ ಸಂಸ್ಥೆ ಜಹೀರಾಬಾದಿನಲ್ಲಿ ಲಘು ಲಾರಿಗಳನ್ನು ತಯಾರಿಸತೊಡಗಿತು. ಮುಂದೆ ಆ ಕಾರ್ಖಾನೆ ಮಹೀಂದ್ರದ ಕೈಸೇರಿತು, ಈಗ ಅಲ್ಲಿಂದ ಟ್ರ್ಯಾಕ್ಟರುಗಳೂ ಹೊರಬರುತ್ತವೆ. ಇದರಿಂದ ನನಗಾದ ಲಾಭವೆಂದರೆ, ಈ ಬಂಡಿಯ ನಾಡಿ ಬಲ್ಲ ಮಿಸ್ತ್ರಿಗಳು ನಮ್ಮ ಓಣಿ ಓಣಿಯಲ್ಲೂ ಸಿಕ್ಕುತ್ತಾರೆ. ವಾಹನದ ರೂಪವನ್ನು ನಮಗೆ ತೋಚಿದಂತೆ ಬದಲಿಸುವಂತಿಲ್ಲ; 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ಮೊದಲು ಅನುಮತಿ ಬೇಕು. ಆ ಓಡಾಟದ ಕತೆಯನ್ನು ಬಿಡುತ್ತೇನೆ. ಅಂಥ ಓಡಾಟ ಓದುಗರೆಲ್ಲರೂ ಮಾಡಿಯೇ ಇರುತ್ತಾರೆ.

ಹೈದರಾಬಾದಿನಲ್ಲಿ ಕೆಲಸದಲ್ಲಿರುವ ಮಗ ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು. ಪ್ರತಿ ಭಾನುವಾರ ಬೆಳಗಿನ ಬಸ್ಸಿಗೆ ಬರತೊಡಗಿದ. ಪರದೇಶದವರ ಮೋಟಾರುಮನೆಗಳ ಚಿತ್ರಗಳನ್ನು ತಂದು ತೋರಿಸಿದ: ಓವನ್ನು, ತಂಪುಪೆಟ್ಟಿಗೆ, ಚರ್ಮದ ಸೋಫಾ. ನನಗೆ ನೆನಪಾದದ್ದು ಬೇರೆಯೇ. ನಾರಾಯಣಖೇಡದ ತಾಂಡಾಗಳಿಂದ ಕಬ್ಬು ಕಡಿಯಲು ಹೊರಡುವ ಸಂಸಾರಗಳನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಒಂದೇ ಬಂಡಿಯಲ್ಲಿ ಒಲೆ, ಹಿಟ್ಟಿನ ಚೀಲ, ಕೋಳಿಪಂಜರ, ತೊಟ್ಟಿಲು, ಮುದುಕಿ ಎಲ್ಲವೂ ಅಚ್ಚುಕಟ್ಟಾಗಿ ಕುಳಿತಿರುತ್ತವೆ. ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳೆಯರು ಸಂಕ್ರಾಂತಿಯ ಹೊತ್ತಿಗೆ ಸಿಂಗರಿಸಿದ ಬಂಡಿಗಳಲ್ಲಿ ನಾಟಿ ಬೀಜಗಳನ್ನು ಊರೂರಿಗೆ ಒಯ್ಯುವುದನ್ನೂ ಈ ಸೀಮೆಯವರೆಲ್ಲ ಬಲ್ಲರು. ಎತ್ತಿನ ಬಂಡಿಯಲ್ಲಿ ಯಾವುದನ್ನು ಎಲ್ಲಿಡಬೇಕೆಂಬ ಲೆಕ್ಕ ಸೋಫಾ ಕಂಡವರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಭಾರವಾದದ್ದು ಕೆಳಗೆ, ಅಚ್ಚಿನ ಬಳಿ. ಪದೇ ಪದೇ ಬೇಕಾದದ್ದು ಕೈಗೆಟುಕುವಲ್ಲಿ. ನಾವು ಅದನ್ನೇ ಪಾಲಿಸಿದೆವು. ನೂರು ಲೀಟರಿನ ನೀರಿನ ತೊಟ್ಟಿಯೆಂದರೆ ನೂರು ಕೆಜಿ ಭಾರ. ಅದನ್ನು ನೆಲಕ್ಕೆ ತಾಗಿಸಿ ನಡುವೆ ಕೂಡಿಸಿದೆವು. ತಂದೆಯವರ ಮಂಚವನ್ನು ಎರಡು ಅಚ್ಚುಗಳ ನಡುವೆ ಉದ್ದಕ್ಕೆ ಹಾಕಿದೆವು; ಕುಲುಕಾಟ ಅಲ್ಲಿ ಕಡಿಮೆ. ಮಂಚದ ಎತ್ತರ ಹದಿನೆಂಟು ಅಂಗುಲ, ಅವರು ಎದ್ದು ಕುಳಿತರೆ ಪಾದ ನೆಲಕ್ಕೆ ಊರುವಷ್ಟು. ಕಾಲದೆಸೆಯಲ್ಲಿ ಕಮೋಡ್ ಕುರ್ಚಿ, ಅದಕ್ಕೊಂದು ಪರದೆ. ಎದುರು ಬದಿಯಲ್ಲಿ ನಾಲ್ಕು ಶಾಲೆಯ ಸೀಟುಗಳನ್ನು ಹಾಗೆಯೇ ಉಳಿಸಿಕೊಂಡೆವು.

ಇದೆಲ್ಲ ನಡೆದದ್ದು ಸಂಸಾರದ ನಟ್ಟನಡುವೆ. ಕಿತ್ತ ಸೀಟುಗಳು ಅಂಗಳ ತುಂಬಿ, ಶಾಂಡಿಗೆ ಹಾಕಲು ಜಾಗವಿಲ್ಲವೆಂದು ನನ್ನ ಹೆಂಡತಿ ಎರಡು ದಿನ ಮಾತು ಬಿಟ್ಟಳು. ಮಗಳದು ಇಂಟರ್ ಎರಡನೆಯ ವರ್ಷ, ಮಾರ್ಚಿನಲ್ಲಿ ಪರೀಕ್ಷೆ. ಆಕೆ ಓದಲು ಕುಳಿತಾಗ ಡ್ರಿಲ್ ತಿರುಗಿಸಬಾರದೆಂದು ಕಟ್ಟುನಿಟ್ಟು ಮಾಡಿದ್ದಳು. ಹಣದ ಮಾತೂ ಇತ್ತು. ಮಗಳ ಓದಿಗೆಂದು ತೆಗೆದಿಟ್ಟಿದ್ದ ಗ್ರಾಚ್ಯುಯಿಟಿಯಿಂದ ಎರಡೂವರೆ ಲಕ್ಷ ಈ ಬಂಡಿಗೆ ಹೋಯಿತು. "ಮಾವನವರಿಗೆ ಮಾಡಬ್ಯಾಡ್ರಿ ಅಂತ ನಾನು ಅನ್ನಂಗಿಲ್ಲ. ಆದರ ಜೂನಿನಾಗ ಫೀ ಕಟ್ಟೋ ಹೊತ್ತಿಗೆ ನನ್ನ ಮಾರಿ ನೋಡಬ್ಯಾಡ್ರಿ" ಎಂದಳು. ನಾರಾಯಣಖೇಡದಲ್ಲಿರುವ ತಮ್ಮನ ಆಕ್ಷೇಪ ಇನ್ನೂ ನೇರವಾಗಿತ್ತು: "ದಾರ್ಯಾಗ ಅಪ್ಪಗ ಏನರೆ ಆದ್ರ ಯಾರು ಹೊಣಿ ಅಣ್ಣಾ?" ಅವನಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ; ಕೆಲಸ ಮುಂದುವರಿಸಿದೆ.

ಮಾಡು ಸೋರುತ್ತಿತ್ತು. ಹಿಂದೆ ಯಾರೋ ತಗಡುಗಳ ಕೂಡುವಲ್ಲಿ ಹಳೆಯ ರಿವೆಟ್ಟುಗಳ ಮೇಲೆಯೇ ಡಾಂಬರು ಮೆತ್ತಿ ಬಣ್ಣ ಬಳಿದಿದ್ದರು. ಡಾಂಬರು ಬೇಸಗೆಯಲ್ಲಿ ಕರಗಿ, ಚಳಿಯಲ್ಲಿ ಸೀಳುತ್ತದೆ. ಅದನ್ನೆಲ್ಲ ಕೆರೆದು, ತುಕ್ಕು ಉಜ್ಜಿ, ಕೊರೆದ ರಿವೆಟ್ಟುಗಳ ಜಾಗದಲ್ಲಿ ಹೊಸದನ್ನು ಹೊಡೆದು, ಹಿಗ್ಗಿ ಕುಗ್ಗಬಲ್ಲ ಸೀಲೆಂಟ್ ತುಂಬಿದೆವು. ಮೇಲೆ ಬಿಳಿಯ ಬಣ್ಣ, ಒಳಗೆ ಥರ್ಮಾಕೋಲಿನ ಪದರ. ಮೇ ತಿಂಗಳ ಬಿಸಿಲಿನಲ್ಲಿ ಒಳಮೈ ಮುಟ್ಟಿ ನೋಡಿದಾಗಲೇ ಅದರ ಬೆಲೆ ತಿಳಿದದ್ದು. ಮಳೆಯ ಪರೀಕ್ಷೆಗೆ ನಾವು ಕಾಯಬೇಕಾಗಲಿಲ್ಲ. 2023ರ ಜುಲೈ ಕೊನೆಯಲ್ಲಿ ತೆಲಂಗಾಣದ ಮೇಲೆ ಆಕಾಶವೇ ಕಳಚಿ ಬಿದ್ದಂತೆ ಸುರಿಯಿತು. ಆ ರಾತ್ರಿ ಮಗಳು ಟಾರ್ಚು ಹಿಡಿದು ಬಸ್ಸಿನೊಳಗೆ ಕುಳಿತು, ಒಂದು ಹನಿಯೂ ಬೀಳಲಿಲ್ಲವೆಂದು ಬಂದು ಹೇಳಿದಳು.

ವಿದ್ಯುತ್ತಿನ ಕೆಲಸವನ್ನು ನಾನು ಯಾರಿಗೂ ಬಿಡಲಿಲ್ಲ. ನಲವತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದ ಓಮನ ನಿಯಮ ಮೊದಲ ಬಾರಿಗೆ ಮನೆವಾರ್ತೆಗೆ ಬಂದಿತು. ಮನೆಯ 230 ವೋಲ್ಟಿನಲ್ಲಿ ಒಂದು ವೋಲ್ಟು ತಂತಿಯಲ್ಲಿ ಸೋರಿಹೋದರೆ ಯಾರಿಗೂ ತಿಳಿಯದು. 12 ವೋಲ್ಟಿನ ಬ್ಯಾಟರಿಯಲ್ಲಿ ಹಾಗಲ್ಲ. ಬ್ಯಾಟರಿಯಿಂದ ಐದು ಮೀಟರು ದೂರಕ್ಕೆ, ಅಂದರೆ ಹೋಗಿ ಬರುವ ಹತ್ತು ಮೀಟರು ತಾಮ್ರದಲ್ಲಿ, ಹತ್ತು ಆಂಪಿಯರ್ ಹರಿದರೆ ಒಂದೂವರೆ ಚದರ ಮಿಲಿಮೀಟರಿನ ತಂತಿಯಲ್ಲಿ ಒಂದು ವೋಲ್ಟಿಗೂ ಹೆಚ್ಚು ಕಳೆದುಹೋಗುತ್ತದೆ. ನಾಲ್ಕು ಚದರ ಮಿಲಿಮೀಟರಿನದಾದರೆ ಅರ್ಧ ವೋಲ್ಟಿಗಿಂತ ಕಡಿಮೆ. ಅಂಗಡಿಯವರು ತೆಳುತಂತಿಯೇ ಸಾಕೆಂದರು. ನಾನು ದಪ್ಪದ್ದನ್ನೇ ತಂದೆ. ಬ್ಯಾಟರಿಯ ಬುಡದಲ್ಲೇ ಫ್ಯೂಸ್. ಚಾರ್ಜಾಗುವಾಗ ಜಲಜನಕ ಹೊಮ್ಮುತ್ತದೆಯಾದ್ದರಿಂದ ಬ್ಯಾಟರಿಯ ಪೆಟ್ಟಿಗೆಗೆ ಮೇಲುಗಡೆ ಹೊರಗಿಂಡಿ. ಅಡುಗೆಯ ಅನಿಲ ಗಾಳಿಗಿಂತ ಭಾರ, ಆದ್ದರಿಂದ ಸಿಲಿಂಡರಿನ ಗೂಡಿಗೆ ನೆಲದ ಮಟ್ಟದಲ್ಲಿ ಗಿಂಡಿ. ಇದೊಂದನ್ನು ಮಾತ್ರ, ಇಂಥ ಕೆಲಸಕ್ಕೆ ಕೈಹಾಕುವ ಯಾರೇ ಆಗಲಿ, ಮರೆಯದಿರಲೆಂದು ಕೇಳಿಕೊಳ್ಳುತ್ತೇನೆ.

ನನ್ನ ಹೆಂಡತಿಯ ತವರು ತಾಂಡೂರು. ಆಕೆಯ ತಮ್ಮನದು ಕಲ್ಲು ನಯ ಮಾಡುವ ಕಾರ್ಖಾನೆ. ತಾಂಡೂರಿನ ಬಂಡಿಯಲ್ಲಿ ಪ್ಲೈವುಡ್ಡಿನ ಅಡುಗೆಕಟ್ಟೆಯೇ ಎಂದು ಅವನು ನೊಂದುಕೊಂಡ. ಐದಡಿ ಉದ್ದ, ಎರಡಡಿ ಅಗಲದ ನೀಲಿ ಹಾಸುಗಲ್ಲನ್ನು ಕೊಡಲು ಸಿದ್ಧನಾದ. ಲೆಕ್ಕ ಹಾಕಿದೆ: ಇಪ್ಪತ್ತು ಮಿಲಿಮೀಟರು ದಪ್ಪವೆಂದರೂ ಐವತ್ತು ಕೆಜಿ. "ಖಾಲಿ ಬಸ್ಸು ಕುಣಿತದ ಭಾವ, ಭಾರ ಬಿದ್ರನೇ ಪಟ್ಟಿ ಮೆತ್ತಗಾಗತಾವ" ಎಂದು ಅವನು ವಾದಿಸಿದ. ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಬಿಗಿಯಾದ ತಿರುವಿನಲ್ಲಿ ಎದೆಮಟ್ಟದ ಐವತ್ತು ಕೆಜಿ ಯಾವ ಕಡೆ ಹೊರಡುತ್ತದೆಂದು ನನಗೆ ಗೊತ್ತು. ಕೊನೆಗೆ ಒಲೆಯ ಕೆಳಗೆ ಎರಡಡಿಯ ಒಂದು ತುಂಡಿಗೆ ರಾಜಿಯಾಯಿತು, ಹತ್ತು ಕೆಜಿ. ಜೋಳದ ರೊಟ್ಟಿ ಬಡಿಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲವೆಂದು ಈಗ ನಮ್ಮವಳೇ ಹೇಳುತ್ತಾಳೆ.

ಕುಲುಕಾಟವನ್ನು ಅಳೆಯುವ ಯಂತ್ರವನ್ನು ಕಂಡುಹಿಡಿದವಳೂ ಅವಳೇ. ತಂದೆಯವರ ಮಂಚದ ಮೇಲೆ ಕಂಠಮಟ್ಟ ನೀರು ತುಂಬಿದ ಚೊಂಬನ್ನಿಟ್ಟು, "ಇದು ಚೆಲ್ಲಬಾರದು, ಚೆಲ್ಲಿದಷ್ಟು ಮಾವನವರಿಗೆ ನೋವು" ಎಂದಳು. ಝರಾಸಂಗಮದ ಕೇತಕಿ ಸಂಗಮೇಶ್ವರನ ಗುಡಿಯವರೆಗೆ ಹೋಗಿ ಬಂದೆವು. ಮೊದಲ ಸಲ ಅರ್ಧ ಚೊಂಬು ಖಾಲಿ. ಮಗ ಹಿಂದಿನ ಪಟ್ಟಿಗಳ ಬುಷ್‌ಗಳನ್ನೂ ಶಾಕ್ ಅಬ್ಸಾರ್ಬರುಗಳನ್ನೂ ಬದಲಿಸಿದ, ಮಂಚದ ಕಾಲುಗಳಿಗೆ ರಬ್ಬರು ಕೊಟ್ಟ. ಎರಡನೆಯ ಸಲ ನಾಲ್ಕು ಬೆರಳು, ಮೂರನೆಯ ಸಲ ಎರಡು ಬೆರಳು. "ಇನ್ನ ನಡೀತದ" ಎಂದು ಅವಳು ಒಪ್ಪಿಗೆ ಕೊಟ್ಟ ದಿನವೇ ನನ್ನ ಮಟ್ಟಿಗೆ ಆ ಬಂಡಿಯ ಪಾಸಿಂಗ್ ಆದ ದಿನ. ಆ ವರ್ಷ ಶ್ರಾವಣವೇ ಅಧಿಕಮಾಸವಾಗಿ ಬಂದು ಪಂಚಮಿ ಒಂದು ತಿಂಗಳು ಮುಂದೆ ಹೋಗದಿದ್ದರೆ ಇಷ್ಟು ಪರೀಕ್ಷೆಗಳಿಗೆ ವೇಳೆಯೇ ಸಿಕ್ಕುತ್ತಿರಲಿಲ್ಲ.

ಆಗಸ್ಟ್ 18ರ ಶುಕ್ರವಾರ ಹೊರಟೆವು. ಮಗ ಚಾಲಕ, ಗಂಟೆಗೆ ನಲವತ್ತು ಕಿಲೋಮೀಟರಿಗಿಂತ ಹೆಚ್ಚು ಓಡಿಸಕೂಡದೆಂದು ಕರಾರು. ತಾಂಡೂರಿನ ಕಲ್ಲಿನ ಅಂಗಳದಲ್ಲಿ ಒಂದು ರಾತ್ರಿ, ಸೇಡಂನ ತಂಗಿಯ ಬಾಗಿಲಲ್ಲಿ ಒಂದು ರಾತ್ರಿ, ಚಿಂಚೋಳಿಯಲ್ಲಿ ಇನ್ನೊಂದು ರಾತ್ರಿ. ಯಾರ ಮನೆಯ ಹೊಸ್ತಿಲನ್ನೂ ತಂದೆಯವರು ಏರಬೇಕಾಗಲಿಲ್ಲ. ಅವರು ತಮ್ಮ ಮಂಚದಲ್ಲೇ ಇದ್ದರು, ಮನೆಯವರೇ ಅಳ್ಳು, ಶೇಂಗಾ ಉಂಡಿ ಹಿಡಿದು ಬಸ್ಸಿಗೆ ಬಂದರು. ಪಂಚಮಿಯ ಸೋಮವಾರ ಮಧ್ಯಾಹ್ನ ನಿರ್ಣಾ ತಲುಪಿದೆವು. ಅತ್ತೆಯನ್ನು ಮೊಮ್ಮಕ್ಕಳು ಕುರ್ಚಿಯಲ್ಲಿ ಎತ್ತಿ ತಂದು ಒಳಗೆ ಕೂಡಿಸಿದರು. ಬಹಳ ಹೊತ್ತು ಇಬ್ಬರೂ ಕೈಹಿಡಿದುಕೊಂಡು ಸುಮ್ಮನಿದ್ದರು. ಆಮೇಲೆ ಅತ್ತೆ ಸುತ್ತಲೂ ಕಣ್ಣಾಡಿಸಿ, "ಹೊಸಾ ಬಂಡಿ ಮಾಡಿಸಿದೇನೋ? ಎತ್ತು ಎಲ್ಲಿ ಬಿಟ್ಟಿ?" ಎಂದರು. ಅಪಘಾತದ ನಂತರ ತಂದೆಯವರು ಬಾಯಿತುಂಬ ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಅಂದು ಸಂಜೆ ಅತ್ತೆ ತಮ್ಮನ್ನೂ ತವರಿಗೆ ಕರೆದೊಯ್ಯಬೇಕೆಂದು ಹಟ ಹಿಡಿದರು. ಒಂಬತ್ತು ವರ್ಷದಿಂದ ನಾರಾಯಣಖೇಡ ಕಂಡಿರಲಿಲ್ಲ. ಅವರ ಮಕ್ಕಳು ಹಿಂದೆಮುಂದೆ ನೋಡಿದರು. ಎರಡನೆಯ ಮಂಚ ನಮ್ಮಲ್ಲಿರಲಿಲ್ಲ. ಮಗ ಅವರ ಅಟ್ಟದ ಮೇಲಿದ್ದ ಹಳೆಯ ಬಾಗಿಲೊಂದನ್ನು ಇಳಿಸಿ, ಶಾಲೆಯ ಸೀಟುಗಳ ಮೇಲೆ ಹಾಸಿ, ಬೋಲ್ಟು ಬಿಗಿದು, ಹಗ್ಗದಿಂದ ಅಂಚು ಕಟ್ಟಿದ. ನನ್ನ ಹೆಂಡತಿ ಅದರ ಮೇಲೊಂದು ಚೊಂಬು ನೀರಿಟ್ಟು ಊರ ಹೊರಗಿನವರೆಗೆ ಓಡಿಸಿ ನೋಡಿಸಿದಳು. ಮರುದಿನ ಅಕ್ಕ ತಮ್ಮ ಇಬ್ಬರೂ ಎದುರುಬದುರು ಮಲಗಿ, ಬೀದರ ದಾಟಿ, ಮಾಂಜ್ರಾ ನದಿಯ ಸೇತುವೆಯ ಮೇಲೆ ಹಾದು ಊರಿಗೆ ಬಂದರು. ಬಾಗಿಲಲ್ಲಿ ಆರತಿ ಹಿಡಿದು ನಿಂತಿದ್ದವನು, ಹೊಣೆ ಯಾರದೆಂದು ಕೇಳಿದ್ದ ತಮ್ಮನೇ. ಅತ್ತೆ ಎಂಟು ದಿನ ತವರಿನಲ್ಲಿದ್ದು ಉಡಿ ತುಂಬಿಸಿಕೊಂಡು ಹೋದರು. ಮುಂದಿನ ಮಾಘದಲ್ಲಿ ತೀರಿಕೊಂಡರು.

ಆ ಹಳೆಯ ಬಾಗಿಲು ಈಗಲೂ ಸೀಟುಗಳ ಮೇಲೆಯೇ ಇದೆ. ಅದನ್ನು ತೆಗೆದು ಸರಿಯಾದ ಮಡಿಸುವ ಹಲಗೆ ಹಾಕೋಣವೆಂದರೆ ತಂದೆಯವರು ಒಪ್ಪುವುದಿಲ್ಲ. ಹಿಂದಿನ ಬುಷ್‌ಗಳು ಮತ್ತೆ ಸವೆದಿವೆ. ಸೇಡಂನ ತಂಗಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿದೆ. ಅಣ್ಣ ಯಾವಾಗ ಬರುತ್ತಾನೆಂದು ವಾರಕ್ಕೆರಡು ಸಲ ಫೋನು ಬರುತ್ತದೆ. ಮಗ ಈ ಭಾನುವಾರ ಜ್ಯಾಕು ತರುತ್ತೇನೆಂದಿದ್ದಾನೆ.