ಒಂದೇ ಸೂರಿನಡಿ ಎರಡು ಕಣಿವೆಗಳು

ಇಂಗ್ಲೆಂಡಿಗೆ ಹೋಗಿಬಂದವರನ್ನು ಕಂಡರೆ ನಮ್ಮವರು ಲಂಡನ್ ನಗರದ ಸೇತುವೆಯನ್ನೂ ಅರಮನೆಯನ್ನೂ ಕುರಿತು ಪ್ರಶ್ನಿಸುವುದು ವಾಡಿಕೆ. ಕಳೆದ ಬೇಸಗೆಯಲ್ಲಿ ನಾವು ದಂಪತಿಗಳು ಆ ದೇಶದಲ್ಲಿ ಆರು ವಾರಗಳಿದ್ದು ಅವೆಲ್ಲವನ್ನೂ ನೋಡಿ ಬಂದೆವು. ಆದರೆ ಹಿಂದಿರುಗಿದ ಮೇಲೂ ನಮ್ಮ ಮನಸ್ಸಿನಲ್ಲಿ ನೆಲೆಯಾಗಿ ನಿಂತಿರುವುದು ಥೇಮ್ಸ್ ನದಿಯ ಸಮೀಪದ ಒಂದು ಹಳ್ಳಿ ಮತ್ತು ಅಲ್ಲಿ ಒಂದೇ ಸೂರಿನ ಕೆಳಗೆ ಕಂಡ ಎರಡು ಪುಟ್ಟ ಲೋಕಗಳು. ಹಳ್ಳಿಯ ಹೆಸರು ಲಾಂಗ್ ವಿಟೆನ್‌ಹ್ಯಾಮ್. ಆಕ್ಸ್‌ಫರ್ಡ್ ಪ್ರಾಂತಕ್ಕೆ ಸೇರಿದುದು. ಅಲ್ಲಿರುವ ಪೆಂಡನ್ ವಸ್ತುಸಂಗ್ರಹಾಲಯಕ್ಕೆ ನಮ್ಮನ್ನು ಕರೆದೊಯ್ದುದು ನಮ್ಮ ಬಂಧುಗಳ ಮನೆಯ ಒಂದು ಮನಸ್ತಾಪ.

ನಾವು ಇಳಿದುಕೊಂಡಿದ್ದುದು ರೀಡಿಂಗ್ ಪಟ್ಟಣದಲ್ಲಿ, ನಮ್ಮ ಸೋದರಳಿಯನ ಮನೆಯಲ್ಲಿ. ಆತನಿಗೆ ಹನ್ನೊಂದು ವರ್ಷದ ಮಗನಿದ್ದಾನೆ. ಮಗುವಿಗೆ ಐದು ತುಂಬಿದಾಗ ತಂದೆಯು ಮಹಡಿಯ ಕೋಣೆಯಲ್ಲಿ ಹಲಗೆಗಳನ್ನು ಹಾಸಿ, ಅಂಗಡಿಯಲ್ಲಿ ದೊರೆಯುವ ಮಾದರಿ ರೈಲಿನ ಹಳಿಗಳನ್ನು ಜೋಡಿಸಿಕೊಟ್ಟಿದ್ದನಂತೆ; ಸಂಜೆಯ ಹೊತ್ತು ಇಬ್ಬರೂ ಕುಳಿತು ಬಂಡಿಗಳನ್ನು ಓಡಿಸುತ್ತಿದ್ದರಂತೆ. ಕಾಲಕ್ರಮದಲ್ಲಿ ತಂದೆಗೆ ಆ ವಿನೋದವೇ ವ್ರತವಾಯಿತು. ಪುಸ್ತಕಗಳನ್ನು ತರಿಸಿ ಓದಿದನು, ಅಳತೆಕೋಲು ಹಿಡಿದನು, ಹಳಿಗಳ ನಡುವಣ ಅಂತರವೇ ತಪ್ಪೆಂದು ಕಂಡುಕೊಂಡನು. ಮೂರು ವರ್ಷಗಳ ಹಿಂದೆ ಹಳೆಯ ಹಳಿಗಳನ್ನೆಲ್ಲ ಕಿತ್ತು ಪೆಟ್ಟಿಗೆಯಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿ, ಶುದ್ಧವಾದ ಅಳತೆಯಲ್ಲಿ ತನ್ನ ಕೈಯಿಂದಲೇ ಹೊಸ ಹಾದಿಯನ್ನು ಹಾಕತೊಡಗಿದನು. ನಾವು ಹೋದಾಗ ಆ ಹಾದಿಯು ನಾಲ್ಕು ಮೊಳ ಬೆಳೆದಿತ್ತು. ಕೆಲಸವು ನಿಜಕ್ಕೂ ಸೊಗಸಾದುದು. ಭೂತಗನ್ನಡಿ ಹಿಡಿದು ನೋಡಿದರೂ ಕುಂದು ಕಾಣುವಂತಿರಲಿಲ್ಲ. ಆದರೆ ಮಗು ಆ ಕೋಣೆಗೆ ಹೋಗುವುದನ್ನೇ ಬಿಟ್ಟಿದ್ದನು. ಊಟದ ಹೊತ್ತಿನಲ್ಲಿ ನಾವು ರೈಲಿನ ಮಾತೆತ್ತಿದಾಗ ಅವನು ತಲೆಯೆತ್ತದೆ, “ಅಪ್ಪನ ರೈಲು ಓಡುವುದಿಲ್ಲ ತಾತ, ಅದು ಸರಿಯಾಗಿದೆ ಅಷ್ಟೆ,” ಎಂದನು. ತಂದೆಯ ಮುಖ ಸಣ್ಣದಾಯಿತು.

ವಾಚಕರಿಗೆ ಈ ವ್ಯಾಜ್ಯದ ಮೂಲವನ್ನು ಸ್ವಲ್ಪ ವಿವರಿಸಬೇಕು. ಇಂಗ್ಲೆಂಡಿನ ರೈಲುಹಾದಿಯ ಎರಡು ಕಂಬಿಗಳ ನಡುವೆ ನಾಲ್ಕು ಅಡಿ ಎಂಟೂವರೆ ಅಂಗುಲ ಅಂತರವಿರುವುದು. ಒಂದು ಅಡಿಗೆ ನಾಲ್ಕು ಮಿಲಿಮೀಟರಿನಂತೆ ಕುಗ್ಗಿಸಿದರೆ ಅದು ೧೮.೮೩ ಮಿಲಿಮೀಟರ್ ಆಗಬೇಕು. ಆದರೆ ಅಂಗಡಿಯ ಹಳಿಗಳಲ್ಲಿ ಇರುವುದು ಹದಿನಾರೂವರೆ ಮಾತ್ರ. ೧೯೨೨ರಲ್ಲಿ ಬ್ಯಾಸೆಟ್-ಲೋಕ್ ಎಂಬ ಇಂಗ್ಲಿಷ್ ವರ್ತಕರು ಜರ್ಮನಿಯ ಬಿಂಗ್ ಕಾರ್ಖಾನೆಯಲ್ಲಿ ಮಾಡಿಸಿದ ಮೇಜಿನ ಮೇಲಣ ರೈಲು ಈ ಸಣ್ಣ ಹಳಿಯನ್ನು ಮನೆಮನೆಗೆ ತಂದಿತು. ಇಂಗ್ಲೆಂಡಿನ ಎಂಜಿನ್ನುಗಳು ಇತರ ಯೂರೋಪಿನವಕ್ಕಿಂತ ಗಿಡ್ಡ. ಆ ಗಿಡ್ಡ ಒಡಲಿನೊಳಗೆ ಅಂದಿನ ವಿದ್ಯುತ್ ಮೋಟಾರು ಹಿಡಿಸದು. ಆದುದರಿಂದ ಹಳಿಯನ್ನು ಹಾಗೆಯೇ ಉಳಿಸಿಕೊಂಡು ಒಡಲನ್ನು ಮಾತ್ರ ದೊಡ್ಡದು ಮಾಡಿದರು. ೧೯೩೮ರಲ್ಲಿ ಬಂದ ಹಾರ್ನ್‌ಬಿ ಡಬ್ಲೊ ರೈಲುಗಳೂ ಅದೇ ಅಳತೆಯನ್ನು ಅನುಸರಿಸಿದವು. ಹೀಗೆ ನಿಜದ ಲೆಕ್ಕದಲ್ಲಿ ಏಳು ಅಂಗುಲದಷ್ಟು ಕಿರಿದಾದ ಹಾದಿಯ ಮೇಲೆ ಲಕ್ಷಾಂತರ ಮಕ್ಕಳ ಬಂಡಿಗಳು ಸಂತೋಷವಾಗಿ ಓಡಿದವು. ಈ ಕೊರತೆಯನ್ನು ಸಹಿಸದವರು ಮೊದಲು ಹದಿನೆಂಟು ಮಿಲಿಮೀಟರಿನ ಹಳಿಯನ್ನು ಬಳಕೆಗೆ ತಂದರು. ಅದೂ ಸಾಲದೆಂದವರು ೧೯೬೦ರ ದಶಕದಲ್ಲಿ ೧೮.೮೩ರ ನಿಯಮವನ್ನೇ ಕಟ್ಟಿದರು. ನಮ್ಮ ಅಳಿಯನು ಈ ಕೊನೆಯ ಪಂಗಡದವನು. ನಮ್ಮ ದೇಶದ ದೊಡ್ಡ ಗೇಜಿಗೆ ಇದೇ ಲೆಕ್ಕದಲ್ಲಿ ಇಪ್ಪತ್ತೆರಡು ಮಿಲಿಮೀಟರ್ ಬೇಕು. ನಾವು ಬಾಲ್ಯದಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೋಗುತ್ತಿದ್ದ ಮೀಟರ್ ಗೇಜಿನ ಬಂಡಿಗೆ ಹದಿಮೂರು ಸಾಕು. ಹೀಗೆಂದು ಆತನೇ ನಮಗೆ ಲೆಕ್ಕ ಹಾಕಿ ತೋರಿಸಿದನು.

“ಸರಿಯಾಗಿ ಮಾಡುವುದೆಂದರೆ ಏನೆಂಬುದನ್ನು ನೀವೇ ನೋಡಿ ಮಾವ,” ಎಂದು ಒಂದು ಶನಿವಾರ ಆತನು ನಮ್ಮನ್ನು ಹೊರಡಿಸಿದನು. ಮಗುವಿಗೆ ಬರಲು ಇಷ್ಟವಿರಲಿಲ್ಲ. ಅಜ್ಜಿ ಕೈಹಿಡಿದು ಕರೆದುದರಿಂದ ಬಂದನು. ಡಿಡ್ಕಾಟಿನವರೆಗೆ ರೈಲಿನಲ್ಲಿ ಹದಿನೇಳು ಮೈಲಿ ಹೋಗಿ, ಅಲ್ಲಿಂದ ಬಾಡಿಗೆಯ ಮೋಟಾರಿನಲ್ಲಿ ಹಳ್ಳಿಯ ದಾರಿ ಹಿಡಿದೆವು. ಎರಡು ಕಡೆಗಳಲ್ಲಿಯೂ ಕೊಯ್ಲಿಗೆ ಬಂದ ಗೋದಿಯ ಹೊಲಗಳು, ಬೇಲಿಯ ಗಿಡಗಳು. ಹಳ್ಳಿಯೊಳಗೆ ಹುಲ್ಲು ಹೊದಿಸಿದ ಹಳೆಯ ಮನೆಗಳು.

ಈ ಸಂಗ್ರಹಾಲಯವನ್ನು ಸ್ಥಾಪಿಸಿದವರು ರಾಯ್ ಇಂಗ್ಲೆಂಡ್ ಎಂಬ ಆಸ್ಟ್ರೇಲಿಯಾದ ಮಹನೀಯರು. ೧೯೨೫ರಲ್ಲಿ ಅವರು ಈ ಸೀಮೆಗೆ ಬಂದಾಗ ಗ್ರೇಟ್ ವೆಸ್ಟರ್ನ್ ರೈಲ್ವೆಯ ಎಂಜಿನ್ನುಗಳೂ ‘ಬಿಳಿಗುದುರೆಯ ಕಣಿವೆ’ ಎಂಬ ಹೆಸರಿನ ಬಯಲಿನ ಹಳ್ಳಿಗಳೂ ಅವರ ಮನಸ್ಸನ್ನು ಸೆರೆಹಿಡಿದವು. ಆದರೆ ಅವರ ಕಣ್ಣೆದುರಿಗೇ ಹುಲ್ಲಿನ ಸೂರುಗಳು ಇಳಿದು ಬೇರೆ ಹೊದಿಕೆಗಳು ಏರುತ್ತಿದ್ದವು. ತಡೆಯುವ ಶಕ್ತಿ ಅವರಿಗಿರಲಿಲ್ಲ, ಅಳೆದಿಡುವ ಶಕ್ತಿಯಿತ್ತು. ಮನೆಮನೆಗೂ ಹೋಗಿ ಅಳತೆ ತೆಗೆದು, ಬಣ್ಣ ಗುರುತಿಸಿಕೊಂಡು, ರಟ್ಟಿನಲ್ಲಿ ಆ ಮನೆಗಳನ್ನು ಪುನಃ ಕಟ್ಟತೊಡಗಿದರು. ೧೯೫೪ರಲ್ಲಿ ಈ ಹಳ್ಳಿಯಲ್ಲಿ ಸಂಗ್ರಹಾಲಯವು ಆರಂಭವಾಯಿತು. ೧೯೯೫ರಲ್ಲಿ ಅವರು ತೀರಿಕೊಂಡ ಮೇಲೂ ಸ್ವಯಂಸೇವಕರು ಆ ಕೆಲಸವನ್ನು ಮುಂದುವರಿಸಿದ್ದಾರೆ.

ದೊಡ್ಡ ಕೋಣೆಯಲ್ಲಿ ಆ ಬಯಲು ನಮ್ಮ ಕಣ್ಣೆದುರು ಹರಡಿತ್ತು. ೧೯೨೦-೩೦ರ ಕಾಲದ ಹಳ್ಳಿ. ಅಂಗೈಯಲ್ಲಿ ಹಿಡಿಯಬಹುದಾದ ಮನೆಗಳು. ಗೋಡೆಯ ಒಂದೊಂದು ಇಟ್ಟಿಗೆಗೂ ಬೇರೆಬೇರೆ ಬಣ್ಣದ ಛಾಯೆ. ಸೂರಿನ ಹುಲ್ಲಿಗೆ ಕೊಳಾಯಿ ಕೆಲಸದವರು ಬಳಸುವ ನಾರಿನ ಎಳೆ. ಹಿತ್ತಲಿನ ಪಾತಿಗಳಲ್ಲಿ ಹೂವು, ತರಕಾರಿ. ದೂರದಲ್ಲಿ ರೈಲುಗಳು ಮೆಲ್ಲನೆ ಹಾದುಹೋಗುತ್ತಿದ್ದವು. ನಮ್ಮ ಮನೆಯವರು ಬಹಳ ಹೊತ್ತು ಮಾತಿಲ್ಲದೆ ನೋಡಿ, “ನಮ್ಮ ತೌರಿನ ಊರನ್ನು ಹೀಗೆ ಯಾರಾದರೂ ಮಾಡಿಟ್ಟಿದ್ದರೆ!” ಎಂದು ನಿಟ್ಟುಸಿರಿಟ್ಟರು. ಆಕೆಯ ತೌರಿನ ಹೆಂಚಿನ ಮನೆ ಬಿದ್ದು ಇಪ್ಪತ್ತು ವರ್ಷಗಳಾದವು. ಕರಾರುವಾಕ್ಕಾದ ಅಳತೆಯೆಂಬುದು ಬರಿಯ ಹಟವಲ್ಲ, ಅಳಿದುಹೋಗುವುದರ ಮೇಲಣ ಮಮತೆಯೂ ಆಗಬಹುದೆಂದು ಆಗ ನಮಗೆ ಹೊಳೆಯಿತು.

ಅಳಿಯನಿಗೆ ಹುರುಪು ಬಂದಿತು. “ನೋಡಿದೆಯಾ ಮಗು, ಸರಿಯಾಗಿರುವುದೂ ಓಡುತ್ತದೆ,” ಎಂದನು. ಮಗನು ಸುಮ್ಮನಿದ್ದನು. ನಮ್ಮ ಮನೆಯವರು, “ಇಲ್ಲಿಯ ಹಳಿ ನಿನ್ನದರಷ್ಟೇ ಅಗಲವೇನಪ್ಪ?” ಎಂದು ಕೇಳಿದರು. ಆಕೆ ಕೇಳಿದುದು ಬರಿಯ ಕುತೂಹಲದಿಂದ. ಆದರೆ ಅಳಿಯನು ತಡವರಿಸಿದನು. “ಇಲ್ಲ ಅತ್ತೆ. ಇಲ್ಲಿಯದು ಹದಿನೆಂಟು. ಇವರು ಆರಂಭಿಸಿದಾಗ ೧೮.೮೩ರ ನಿಯಮವೇ ಇರಲಿಲ್ಲ,” ಎಂದನು. “ಈ ಊರಾದರೂ ನಿಜವಾದುದೆ?” ಎಂದು ಆಕೆ ಪುನಃ ಕೇಳಿದರು. ಅದೂ ಅಲ್ಲ. ಮನೆಗಳು ನಿಜ; ಅವು ಬೇರೆಬೇರೆ ಹಳ್ಳಿಗಳಿಂದ ಬಂದವು. ಅವೆಲ್ಲವೂ ಸೇರಿದ ‘ಪೆಂಡನ್ ಪಾರ್ವ’ ಎಂಬ ಗ್ರಾಮ ಭೂಪಟದಲ್ಲಿ ಎಲ್ಲಿಯೂ ಇಲ್ಲ.

ಅಲ್ಲಿದ್ದ ಬೆಂಚಿನ ಮೇಲೆ ಕುಳಿತು ನಾವೂ ಒಂದು ಲೆಕ್ಕ ಹಾಕಿದೆವು. ಈ ಪ್ರಮಾಣದಲ್ಲಿ ಒಂದು ಮೈಲಿಯು ಸುಮಾರು ಅರುವತ್ತೊಂಬತ್ತು ಅಡಿಯಾಗುವುದು. ಆ ಬೆಳಿಗ್ಗೆ ನಾವು ರೈಲಿನಲ್ಲಿ ಬಂದ ಹದಿನೇಳು ಮೈಲಿಯನ್ನು ತಪ್ಪಿಲ್ಲದೆ ಹಾಸಬೇಕಾದರೆ ಸುಮಾರು ೧೧೮೦ ಅಡಿ ಉದ್ದದ ಕೋಣೆ ಬೇಕು. ಮನೆಯ ಹಲಗೆಯ ಮೇಲೆ ಒಂದೂವರೆ ಅಡಿ ತ್ರಿಜ್ಯದ ತಿರುವನ್ನು ಹಾಕುವರಷ್ಟೆ. ನಿಜವಾದ ಲೋಕದಲ್ಲಿ ಅದು ೧೧೪ ಅಡಿಯಾಯಿತು, ಅಂತಹ ತಿರುವಿನಲ್ಲಿ ಯಾವ ಎಕ್ಸ್‌ಪ್ರೆಸ್ ಬಂಡಿಯೂ ತಿರುಗಲಾರದು. ತೂಕದ ಮಾತಂತೂ ಇನ್ನೂ ವಿಚಿತ್ರ: ಉದ್ದ, ಅಗಲ, ಎತ್ತರ ಮೂರೂ ಎಪ್ಪತ್ತಾರರಲ್ಲಿ ಒಂದು ಭಾಗವಾದಾಗ ನೂರು ಟನ್ನಿನ ಎಂಜಿನ್ನು ಕಾಲು ಕಿಲೋಗ್ರಾಮಿಗಿಂತಲೂ ಹಗುರಾಗುವುದು. ನಿಜವಾದ ಎಂಜಿನ್ನಿನ ಗಾಂಭೀರ್ಯದ ನಡಿಗೆ ಅದಕ್ಕೆಲ್ಲಿಂದ ಬರಬೇಕು? ಕುಗ್ಗಿಸುವವನು ಏನನ್ನಾದರೂ ಬಿಡಲೇಬೇಕು. ಒಬ್ಬನು ದೂರವನ್ನು ಬಿಡುವನು, ಇನ್ನೊಬ್ಬನು ಏಳು ಅಂಗುಲವನ್ನು ಬಿಡುವನು. ಇದನ್ನು ನಾವು ಹೇಳಿದಾಗ ಅಳಿಯನು, “ಬಿಡುವುದು ಅನಿವಾರ್ಯವಾದರೆ ಬಿಡಬೇಕು ಮಾವ, ಬಿಡಬೇಕಾಗಿಲ್ಲದುದನ್ನು ಏಕೆ ಬಿಡಬೇಕು?” ಎಂದನು. ಅದೂ ನ್ಯಾಯವಾದ ಮಾತೇ.

ಅಷ್ಟರಲ್ಲಿ ಮಗು ಕಾಣಿಸಲಿಲ್ಲ. ಹುಡುಕುತ್ತ ಹೋದಾಗ ಅದೇ ಕಟ್ಟಡದ ಇನ್ನೊಂದು ಕಡೆಯಲ್ಲಿ ಬೇರೊಂದು ಪುಟ್ಟ ರೈಲಿನ ಮುಂದೆ ಅವನು ಗಲ್ಲಕ್ಕೆ ಕೈಯೂರಿ ನಿಂತಿದ್ದನು. ಅದು ಜಾನ್ ಅಹರ್ನ್ ಎಂಬವರು ೧೯೩೦ರ ದಶಕದಿಂದ ತಮ್ಮ ಸಂತೋಷಕ್ಕಾಗಿ ಕಟ್ಟುತ್ತ ಬಂದ ‘ಮ್ಯಾಡರ್ ಕಣಿವೆ’ಯ ರೈಲು. ಅವರ ಕಾಲಾನಂತರ ಪೆಂಡನ್ ಅದನ್ನು ತನ್ನ ಸೂರಿನಡಿಗೆ ತಂದು ಕಾಪಾಡಿಕೊಂಡು ಬಂದಿದೆ. ಕಣಿವೆಯೂ ಕಲ್ಪಿತ, ರೈಲ್ವೆ ಕಂಪನಿಯೂ ಕಲ್ಪಿತ. ಹಳಿಯು ಅಂಗಡಿಯ ಆ ಹದಿನಾರೂವರೆಯದೇ. ಮ್ಯಾಡರ್‌ಪೋರ್ಟ್ ಎಂಬ ಬಂದರಿನಿಂದ ಪುಟ್ಟ ಬಂಡಿಯು ಗುಡ್ಡಗಳ ನಡುವೆ ನುಗ್ಗಿ ಹಳ್ಳಿಗಳಿಗೆ ಹೋಗುವುದು. ಆ ಕಾಲದಲ್ಲಿ ಬಹುಮಂದಿ ಹಲಗೆಯ ಮೇಲೆ ಹಳಿಗಳನ್ನು ಮಾತ್ರ ಹಾಸಿ ತೃಪ್ತರಾಗುತ್ತಿದ್ದರು. ಅಹರ್ನರು ಗುಡ್ಡ, ಹೊಳೆ, ಬೀದಿ, ಜನ ಎಲ್ಲವನ್ನೂ ಕೂಡಿಸಿ, ರೈಲು ಓಡಲು ಒಂದು ನಾಡೂ ಬೇಕೆಂದು ತೋರಿಸಿಕೊಟ್ಟ ಮೊದಲಿಗರಲ್ಲಿ ಒಬ್ಬರು. ನಾವು ಹೋದ ದಿನ ಅದು ನಿಂತಿತ್ತು. ಹಳೆಯ ವಸ್ತುವಾದುದರಿಂದ ಅಪರೂಪಕ್ಕೆ ಮಾತ್ರ ಓಡಿಸುವರು.

ಹಾಗಾಗಿ ಸರಿಯಾದುದು ಓಡುತ್ತಿತ್ತು, ಸಂತೋಷದ್ದು ನಿಂತಿತ್ತು. ಆದರೂ ಮಗು ಅಲ್ಲಿಂದ ಕದಲಲಿಲ್ಲ. “ತಾತ, ಈ ಬಂದರಿನಲ್ಲಿ ಇಳಿದವನು ಆ ಮೇಲಿನ ಮನೆಗೆ ಹೇಗೆ ಹೋಗುತ್ತಾನೆ?” ಎಂದು ಕೇಳಿದನು. ಉತ್ತರವನ್ನು ಅವನೇ ಕಲ್ಪಿಸಿಕೊಂಡು ಹೇಳತೊಡಗಿದನು. ಬಂಡಿಯಿಂದ ಒಬ್ಬ ಮೀನುಗಾರ ಇಳಿದನು, ಸ್ಟೇಷನ್ ಮಾಸ್ತರನೊಡನೆ ಜಗಳವಾಡಿದನು, ಮಳೆ ಬಂದಿತು. ನಮಗೆ ನವರಾತ್ರಿಯ ಗೊಂಬೆಗಳ ಹಬ್ಬ ನೆನಪಿಗೆ ಬಂದಿತು. ನಮ್ಮ ಮಕ್ಕಳು ಆನೆಗಿಂತ ದೊಡ್ಡದಾದ ಶೆಟ್ಟರ ಗೊಂಬೆಯನ್ನೂ, ರಾಗಿಪೈರು ಮೊಳೆಸಿದ ತಟ್ಟೆಯ ಹೊಲವನ್ನೂ, ಕನ್ನಡಿಯ ಕೆರೆಯನ್ನೂ ಒಂದೇ ಜಗುಲಿಯಲ್ಲಿ ಇಡುವರು. ಪ್ರಮಾಣ ತಪ್ಪಿತೆಂದು ಯಾವ ತಾಯಿಯೂ ಗದರಿಸುವುದಿಲ್ಲ. ಆದರೆ ಅದೇ ತಾಯಿ ಪಟ್ಟದ ಗೊಂಬೆಯ ಸೀರೆಯ ನಿರಿಗೆ ಒಂದು ಎಳೆ ಸೊಟ್ಟಗಾದರೂ ಸಹಿಸಳು.

ಅಳಿಯನು ಮಗನ ಹಿಂದೆ ನಿಂತು ಕಥೆಯನ್ನು ಕೇಳುತ್ತಿದ್ದನು. ಅಳತೆಯಲ್ಲಿ ಕೂದಲೆಳೆಯನ್ನೂ ಬಿಡದೆ ದುಡಿದವರೇ ಈ ಕಲ್ಪಿತ ಕಣಿವೆಗೆ ತಮ್ಮ ಮನೆಯಲ್ಲಿ ಸ್ಥಳ ಕೊಟ್ಟರೆಂಬುದನ್ನು ಆತನಿಗೆ ನಾವು ಹೇಳಬೇಕಾಗಿರಲಿಲ್ಲ. ಬಹಳ ಹೊತ್ತಿನ ಮೇಲೆ ಆತನು, “ಮೂರು ವರ್ಷದಿಂದ ನಾನು ಬಾಗಿಲು ಹಾಕಿಕೊಂಡೇ ಕೆಲಸಮಾಡಿದೆ ಅತ್ತೆ,” ಎಂದು ನಮ್ಮ ಮನೆಯವರಿಗೆ ಮೆಲ್ಲನೆ ಹೇಳಿದನು. ಆಕೆ ಉತ್ತರ ಕೊಡಲಿಲ್ಲ.

ಮರುದಿನ ಬೆಳಿಗ್ಗೆ ಅಟ್ಟದ ಪೆಟ್ಟಿಗೆ ಕೆಳಗಿಳಿದಿತ್ತು. ಮಹಡಿಯ ಕೋಣೆಯ ಶುದ್ಧ ಹಾದಿಯನ್ನು ಆತನು ಮುಟ್ಟಲಿಲ್ಲ. ಅದು ಅಲ್ಲಿಯೇ ಬೆಳೆಯಲಿ ಎಂದನು. ಹಳೆಯ ಹಳಿಗಳು ಊಟದ ಕೋಣೆಯ ನೆಲದ ಮೇಲೆ ಮೇಜಿನ ಕಾಲುಗಳನ್ನು ಸುತ್ತಿಕೊಂಡು ಹೋದವು. ಮಗು ಮೊದಲಿಗೆ ದೂರದಲ್ಲಿ ನಿಂತು ನೋಡಿದನು. ಆಮೇಲೆ ಒಂದು ರಟ್ಟಿನ ಡಬ್ಬಿಯನ್ನು ತಂದಿಟ್ಟು ಇದು ಬಂದರು ಎಂದನು. ಎಂಜಿನ್ನು ಹೊರಟಿತು; ಒಂದು ಕೂಡಿಕೆಯಲ್ಲಿ ಮುಗ್ಗರಿಸಿ ಹಳಿತಪ್ಪಿತು. ಎರಡನೆಯ ಸಲವೂ ಅಲ್ಲಿಯೇ ಬಿದ್ದಿತು. ಅಳಿಯನು ಏಳಹೋಗಿ ನಮ್ಮ ಮನೆಯವರ ಮುಖ ನೋಡಿ ಕುಳಿತುಬಿಟ್ಟನು. ಮೂರನೆಯ ಸಲ ಬಿದ್ದಾಗ ಮಗನೇ ತಿರುಗಿ, “ಅಪ್ಪ, ಇಲ್ಲಿ ಸರಿಯಿಲ್ಲ. ನಿಮ್ಮ ಅಳತೆಕೋಲು ತರುತ್ತೀರಾ?” ಎಂದನು.

ಆತನು ಮಹಡಿಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ ಸದ್ದು ನಮಗೆ ಅಡಿಗೆಯ ಮನೆಯವರೆಗೂ ಕೇಳಿಸಿತು.